ಕಾಲಿನ ಅಂಗಚ್ಛೇದನದ ನಂತರ ಗಾಯ ಮಾಯುವಿಕೆಯ ಮುನ್ನಂದಾಜು

ಕಾಲಿನ ಒಂದು ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಮೇಲೆ ಉಳಿಯುವ ಮೋಟಿನ ಗಾಯವು, ಇನ್ನೂ ಮೇಲಕ್ಕೆ ಕತ್ತರಿಸುವ ಪ್ರಮೇಯ ಬಾರದೆ ಮಾಯುತ್ತದೆಯೇ ಎಂಬುದನ್ನು ರೋಗಿಯ ರಕ್ತಸಂಚಾರ, ಸೋಂಕು, ಪೋಷಣೆ ಹಾಗೂ ಇತರ ಕಾಯಿಲೆಗಳನ್ನು ಅಳೆದು ಮೊದಲೇ ಅಂದಾಜಿಸುವ ವೈದ್ಯಕೀಯ ವಿಧಾನಗಳ ಸಮೂಹವನ್ನು ಗಾಯ ಮಾಯುವಿಕೆಯ ಮುನ್ನಂದಾಜು ಎನ್ನುತ್ತಾರೆ. ಕಾಲನ್ನು ಎಲ್ಲಿ ಕತ್ತರಿಸಬೇಕು ಎಂಬ ನಿರ್ಧಾರಕ್ಕೆ ಇದೇ ಆಧಾರ. ತೀರ ಕೆಳಗೆ ಕತ್ತರಿಸಿದರೆ ಗಾಯ ಕೂಡದೆ ರೋಗಿ ಎರಡನೆಯ, ಕೆಲವೊಮ್ಮೆ ಮೂರನೆಯ ಶಸ್ತ್ರಕ್ರಿಯೆಗೆ ಒಳಗಾಗಬೇಕಾಗುತ್ತದೆ. ಅಗತ್ಯಕ್ಕಿಂತ ಮೇಲೆ ಕತ್ತರಿಸಿದರೆ ಗಾಯ ಬೇಗ ಮಾಯ್ದರೂ ಮಂಡಿಯ ಕೀಲು ಹೋಗಿ, ಉಳಿದ ಬದುಕಿನಲ್ಲಿ ನಡೆಯುವುದೇ ದುಸ್ತರವಾಗುತ್ತದೆ.

ಪರಿಭಾಷೆ

ಛೇದನದ ನಂತರ ಉಳಿಯುವ ಅಂಗಭಾಗವನ್ನು ಆಸ್ಪತ್ರೆಗಳಲ್ಲಿ ಸ್ಟಂಪ್ ಎಂದು ಕರೆಯುವ ರೂಢಿಯಿದ್ದು, ಈ ಲೇಖನದಲ್ಲಿ ಅದಕ್ಕೆ ಮೋಟು ಎಂಬ ಪದವನ್ನು ಬಳಸಲಾಗಿದೆ. ಗಾಯದ ಅಂಚುಗಳು ಹೊಲಿಗೆಯ ಗೆರೆಯುದ್ದಕ್ಕೂ ನೇರವಾಗಿ ಕೂಡಿಕೊಂಡರೆ ಅದು ಪ್ರಾಥಮಿಕ ಮಾಯುವಿಕೆ. ಅಂಚು ಬಿಟ್ಟುಕೊಂಡು, ತಳದಿಂದ ಕೆಂಪು ಮಾಂಸ ಬೆಳೆದು ತಿಂಗಳುಗಟ್ಟಲೆ ಡ್ರೆಸ್ಸಿಂಗ್‌ನಿಂದ ಮುಚ್ಚಿಕೊಂಡರೆ ಅದು ದ್ವಿತೀಯಕ ಮಾಯುವಿಕೆ. ಅದೇ ಮಟ್ಟದಲ್ಲಿ ಗಾಯವನ್ನು ಮತ್ತೆ ತೆರೆದು ಸರಿಪಡಿಸುವುದು ಪರಿಷ್ಕರಣೆ, ಮೇಲಿನ ಮಟ್ಟಕ್ಕೆ ಹೋಗಿ ಕತ್ತರಿಸುವುದು ಮರುಛೇದನ. ಮುನ್ನಂದಾಜಿನ ಫಲಿತಾಂಶಗಳನ್ನು ಓದುವಾಗ ಇವುಗಳಲ್ಲಿ ಯಾವುದನ್ನು ವಿಫಲತೆ ಎಂದು ಎಣಿಸಲಾಗಿದೆ ಎಂಬುದನ್ನು ಗಮನಿಸಬೇಕು. ಒಂದೇ ಪರೀಕ್ಷೆಯ ಬಗ್ಗೆ ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆ ಮಾತು ಹೇಳುವುದಕ್ಕೆ ಈ ಎಣಿಕೆಯ ವ್ಯತ್ಯಾಸವೂ ಒಂದು ಕಾರಣ.

ಇತಿಹಾಸ

ಯಾವ ಗಾಯ ಮಾಯುತ್ತದೆ, ಯಾವುದು ಮಾಯುವುದಿಲ್ಲ ಎಂದು ಮೊದಲೇ ವಿಂಗಡಿಸುವ ಪ್ರಯತ್ನ ಭಾರತೀಯ ವೈದ್ಯದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನವು ವ್ರಣಗಳನ್ನು ಸುಲಭವಾಗಿ ವಾಸಿಯಾಗುವವು, ಕಷ್ಟದಿಂದ ವಾಸಿಯಾಗುವವು, ತಹಬಂದಿಯಲ್ಲಿ ಇಡಬಹುದಾದವು, ವಾಸಿಯಾಗದವು ಎಂದು ಬೇರ್ಪಡಿಸಿ, ಕುಷ್ಠರೋಗಿಗಳು, ವಿಷಕ್ಕೆ ತುತ್ತಾದವರು, ಕ್ಷಯಿಸಿ ಸೊರಗಿದವರು ಮತ್ತು ಮಧುಮೇಹಿಗಳ ವ್ರಣಗಳು ಕಷ್ಟದಿಂದ ಮಾಯುತ್ತವೆ ಎಂದು ಹೇಳುತ್ತದೆ. ಹಾವಿನ ಕಡಿತ, ಅಪೌಷ್ಟಿಕತೆ ಮತ್ತು ಸಕ್ಕರೆ ಕಾಯಿಲೆಗಳು ಇಂದಿಗೂ ಮುನ್ನಂದಾಜಿನ ಲೆಕ್ಕದಲ್ಲಿ ಸೇರುವ ಅಂಶಗಳಾಗಿರುವುದರಿಂದ ಈ ಪಟ್ಟಿ ಚಾರಿತ್ರಿಕ ಕುತೂಹಲಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು.

ಯುರೋಪಿನಲ್ಲಿ 16ನೆಯ ಶತಮಾನದಲ್ಲಿ ಅಂಬ್ರಾಸ್ ಪಾರೆ ಛೇದನದ ವೇಳೆ ರಕ್ತನಾಳಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ಬಳಕೆಗೆ ತಂದ ಮೇಲೂ ಬಹುಕಾಲ ಪ್ರಾಣ ಉಳಿಯುವುದೇ ದೊಡ್ಡ ಪ್ರಶ್ನೆಯಾಗಿತ್ತು. ಅರಿವಳಿಕೆ ಮತ್ತು ಸೋಂಕುನಿವಾರಣೆ ರೂಢಿಗೆ ಬಂದ ಬಳಿಕವೇ ಮಟ್ಟದ ಆಯ್ಕೆ ವಿಚಾರಕ್ಕೆ ಬಂದಿತು. ಸಕ್ಕರೆ ಕಾಯಿಲೆಯ ರೋಗಿಗಳಲ್ಲಿ ಮಾಯುವಿಕೆ ಖಚಿತವಾಗಲೆಂದು ತೊಡೆಯ ಮಟ್ಟದಲ್ಲೇ ಕತ್ತರಿಸುವ ಪದ್ಧತಿ 20ನೆಯ ಶತಮಾನದ ಮಧ್ಯದವರೆಗೂ ವ್ಯಾಪಕವಾಗಿತ್ತು. 1960ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನ ಅರ್ನೆಸ್ಟ್ ಬರ್ಜೆಸ್, ಮೀನಖಂಡದ ಉದ್ದನೆಯ ಹಿಂಪದರವನ್ನು ಮುಂದಕ್ಕೆ ಮಡಿಸಿ ಹೊಲಿಯುವ ವಿಧಾನವನ್ನು ಪ್ರಚಾರಕ್ಕೆ ತಂದು, ಮಂಡಿಯ ಕೆಳಗಿನ ಛೇದನವೂ ಬಹುಪಾಲು ರೋಗಿಗಳಲ್ಲಿ ಮಾಯುತ್ತದೆ ಎಂದು ತೋರಿಸಿದರು. ಅದೇ ದಶಕದ ಕೊನೆಯ ಹೊತ್ತಿಗೆ ಡಾಪ್ಲರ್ ಶಬ್ದತರಂಗದಿಂದ ಕಾಲಿನ ರಕ್ತದೊತ್ತಡ ಅಳೆಯುವುದು ಸಾಧ್ಯವಾಯಿತು. ಮುನ್ನಂದಾಜು ಕಣ್ಣಂದಾಜಿನಿಂದ ಅಂಕಿಯ ಕಡೆಗೆ ಸರಿದದ್ದು ಅಲ್ಲಿಂದ.

ಛೇದನದ ಮಟ್ಟಗಳು

ಕೆಳಗಿನಿಂದ ಮೇಲಕ್ಕೆ ಮುಖ್ಯ ಮಟ್ಟಗಳೆಂದರೆ ಕಾಲ್ಬೆರಳಿನ ಛೇದನ, ಬೆರಳಿನೊಂದಿಗೆ ಅದರ ಹಿಂದಿನ ಪಾದದ ಮೂಳೆಯನ್ನೂ ತೆಗೆಯುವ ರೇ ಛೇದನ, ಪಾದದ ಮುಂಭಾಗವನ್ನು ಅಡ್ಡಲಾಗಿ ತೆಗೆಯುವ ಛೇದನ, ಪಾದದ ಕೀಲುಗಳಲ್ಲಿ ಬಿಡಿಸುವ ಲಿಸ್‌ಫ್ರಾಂಕ್ ಮತ್ತು ಶೋಪಾರ್ ಛೇದನಗಳು, ಎಡಿನ್‌ಬರೋದ ಜೇಮ್ಸ್ ಸೈಮ್ 1843ರಲ್ಲಿ ವಿವರಿಸಿದ, ಹಿಮ್ಮಡಿಯ ದಪ್ಪ ಚರ್ಮವನ್ನು ಉಳಿಸಿಕೊಂಡು ಕಾಲಿನ ಗಿಣ್ಣಿನಲ್ಲಿ ಬಿಡಿಸುವ ಸೈಮ್ ಛೇದನ, ಮಂಡಿಯ ಕೆಳಗಿನ ಛೇದನ, ಮಂಡಿಯಲ್ಲಿಯೇ ಬಿಡಿಸುವ ಛೇದನ, ತೊಡೆಯ ಮಟ್ಟದ ಛೇದನ ಮತ್ತು ಸೊಂಟದ ಕೀಲಿನ ಛೇದನ. ಗಿಣ್ಣಿನ ಕೆಳಗಿನವನ್ನು ಕಿರು ಛೇದನಗಳೆಂದೂ ಅದಕ್ಕಿಂತ ಮೇಲಿನವನ್ನು ಹಿರಿ ಛೇದನಗಳೆಂದೂ ಗುರುತಿಸುವುದು ವಾಡಿಕೆ.

ಮೇಲೆ ಹೋದಷ್ಟೂ ರಕ್ತಸಂಚಾರ ಉತ್ತಮವಾಗಿರುವುದರಿಂದ ಮಾಯುವ ಸಂಭವ ಹೆಚ್ಚುತ್ತದೆ, ನಡೆಯುವ ಸಾಮರ್ಥ್ಯ ಕುಗ್ಗುತ್ತದೆ. ರಕ್ತನಾಳದ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಮಂಡಿಯ ಕೆಳಗಿನ ಕೃತಕ ಕಾಲಿನಲ್ಲಿ ನಡೆಯಲು ಸಾಮಾನ್ಯರಿಗಿಂತ ಸುಮಾರು 40 ಪ್ರತಿಶತ ಹೆಚ್ಚು ಶಕ್ತಿ ವ್ಯಯಿಸಬೇಕಾದರೆ, ತೊಡೆಯ ಮಟ್ಟದಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೃದಯವೂ ದುರ್ಬಲವಾಗಿರುವ ವಯಸ್ಸಾದ ರೋಗಿಯಲ್ಲಿ ಈ ವ್ಯತ್ಯಾಸವೇ ಮನೆಯಿಂದ ಹೊರಗೆ ನಡೆದು ಹೋಗುವುದಕ್ಕೂ ಹಾಸಿಗೆ ಹಿಡಿಯುವುದಕ್ಕೂ ನಡುವಿನ ಅಂತರವಾಗಬಹುದು. ಮಂಡಿಯ ಕೆಳಗಿನ ಛೇದನಗಳಲ್ಲಿ ಸುಮಾರು 10ರಿಂದ 20 ಪ್ರತಿಶತದಷ್ಟು ಮಾಯದೆ ಮೇಲಿನ ಮಟ್ಟಕ್ಕೆ ಹೋಗಬೇಕಾಗುತ್ತದೆ ಎಂಬುದು ವೈದ್ಯಲೋಕದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಮುನ್ನಂದಾಜಿನ ಇಡೀ ಪ್ರಯತ್ನ ಈ ಗುಂಪನ್ನು ಮೊದಲೇ ಗುರುತಿಸುವುದಕ್ಕಾಗಿದ್ದು, ಆ ಭಯದಿಂದ ಉಳಿದವರ ಮಂಡಿಯನ್ನೂ ಬಲಿಕೊಡದಿರುವುದು ಅದರಷ್ಟೇ ಮುಖ್ಯ.

ಮೋಟಿನ ರಕ್ತಸಂಚಾರ

ತೊಡೆಸಂದಿನಿಂದ ಇಳಿಯುವ ತೊಡೆಯ ಅಪಧಮನಿಯು ಆಳದ ಕವಲೊಂದನ್ನು ತೊಡೆಯ ಸ್ನಾಯುಗಳಿಗೆ ಕೊಟ್ಟು, ಮಂಡಿಯ ಹಿಂಭಾಗವನ್ನು ದಾಟಿ, ಕೆಳಗೆ ಮೂರು ನಾಳಗಳಾಗಿ ಒಡೆದು ಪಾದವನ್ನು ತಲುಪುತ್ತದೆ. ಮೀನಖಂಡದ ಸ್ನಾಯುಗಳಿಗೆ ರಕ್ತ ಒಯ್ಯುವ ಕವಲುಗಳು ಮಂಡಿಯ ಹಿಂಭಾಗದಲ್ಲಿಯೇ, ಅಂದರೆ ಸಾಕಷ್ಟು ಮೇಲೆ, ಹುಟ್ಟುತ್ತವೆ. ಆದುದರಿಂದ ಕೆಳಗಿನ ಮೂರೂ ನಾಳಗಳು ಕಟ್ಟಿಕೊಂಡಿದ್ದರೂ ಕಾಲಿನ ಹಿಂಬದಿ ಜೀವಂತವಾಗಿ ಉಳಿದು, ಮಂಡಿಯ ಕೆಳಗೆ ಕಾಲಿನ ಮುಂಬದಿಯ ತೆಳು ಚರ್ಮ ಮೊದಲು ಸೊರಗುತ್ತದೆ. ಉದ್ದನೆಯ ಹಿಂಪದರದ ವಿಧಾನ ನಿಂತಿರುವುದು ಈ ರಚನೆಯ ಮೇಲೆ. ಹೊಲಿಗೆಯ ಗೆರೆಯನ್ನು ಓರೆಯಾಗಿಸುವ ಓರೆಪದರದ ವಿಧಾನವೂ ಬಳಕೆಯಲ್ಲಿದ್ದು, ಇವೆರಡರ ನಡುವೆ ಮಾಯುವಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ. ಆದರೆ ಕೀವು ತುಂಬಿ ಕೊಳೆತ ಪಾದದ ಪ್ರಸಂಗದಲ್ಲಿ, ಮೊದಲು ಗಿಣ್ಣಿನ ಮಟ್ಟದಲ್ಲಿ ತೆರೆದ ಛೇದನ ಮಾಡಿ ಸೋಂಕು ಇಳಿದ ಮೇಲೆ ಅಂತಿಮ ಛೇದನ ಮಾಡುವ ಎರಡು ಹಂತದ ಕ್ರಮವು ಮೋಟಿನ ಪ್ರಾಥಮಿಕ ಮಾಯುವಿಕೆಯನ್ನು ಹೆಚ್ಚಿಸುತ್ತದೆ.

ರಕ್ತಸಂಚಾರದ ಪರೀಕ್ಷೆಗಳು

ಅತ್ಯಂತ ಸರಳವಾದುದು ಬೆರಳಿನಿಂದ ನಾಡಿ ನೋಡುವುದು. ಮಂಡಿಯ ಹಿಂದಿನ ನಾಡಿ ಸ್ಪಷ್ಟವಾಗಿ ಸಿಕ್ಕಿದರೆ ಮಂಡಿಯ ಕೆಳಗಿನ ಮೋಟು ಮಾಯುವ ಭರವಸೆ ಬಹಳ ಹೆಚ್ಚು. ಸಿಗದಿದ್ದರೆ ಮಾಯುವುದಿಲ್ಲ ಎನ್ನಲಾಗದು, ಏಕೆಂದರೆ ಉಪನಾಳಗಳಿಂದ ಬರುವ ರಕ್ತ ನಾಡಿಯಾಗಿ ಬೆರಳಿಗೆ ತಾಗುವುದಿಲ್ಲ. ತೊಡೆಸಂದಿನ ನಾಡಿಯೂ ಇಲ್ಲವಾದರೆ ಭರವಸೆ ತೀವ್ರವಾಗಿ ಕುಸಿಯುತ್ತದೆ. ಈ ಏಕಮುಖ ಲಕ್ಷಣವು ಹೆಚ್ಚುಕಡಿಮೆ ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುತ್ತದೆ. ಒಳ್ಳೆಯ ಫಲಿತಾಂಶವನ್ನು ನಂಬಬಹುದು. ಕೆಟ್ಟ ಫಲಿತಾಂಶವೊಂದನ್ನೇ ನಂಬಿ ಮಂಡಿಯನ್ನು ತೆಗೆಯುವುದು ಸರಿಯಲ್ಲ.

ಎರಡನೆಯದು ಗಿಣ್ಣು–ತೋಳು ಒತ್ತಡದ ಅನುಪಾತ. ರೋಗಿಯನ್ನು ಐದರಿಂದ ಹತ್ತು ನಿಮಿಷ ಅಂಗಾತ ಮಲಗಿಸಿ, ಬಿಪಿ ಪಟ್ಟಿಯನ್ನು ಗಿಣ್ಣಿನ ಸ್ವಲ್ಪ ಮೇಲೆ ಸುತ್ತಿ, ಒಳಗಿಣ್ಣಿನ ಹಿಂದೆ ಜೆಲ್ ಹಚ್ಚಿ ಪೆನ್ನಿನಾಕಾರದ ಡಾಪ್ಲರ್ ಕಡ್ಡಿಯನ್ನು ಓರೆಯಾಗಿ ಹಿಡಿದರೆ ರಕ್ತ ಹರಿಯುವ ಸದ್ದು ಕೇಳಿಸುತ್ತದೆ. ಪಟ್ಟಿಗೆ ಗಾಳಿ ತುಂಬಿದಾಗ ನಿಲ್ಲುವ ಆ ಸದ್ದು, ಗಾಳಿ ಬಿಡುತ್ತಾ ಬಂದಂತೆ ಮತ್ತೆ ಕೇಳಿಸುವ ಒತ್ತಡವನ್ನು ಬರೆದುಕೊಳ್ಳಲಾಗುತ್ತದೆ. ಪಾದದ ಮೇಲ್ಭಾಗದ ನಾಳದಲ್ಲೂ ಹೀಗೆಯೇ ಅಳೆದು, ಎರಡರಲ್ಲಿ ಹೆಚ್ಚಿನದನ್ನು ತೋಳುಗಳ ಒತ್ತಡಗಳಲ್ಲಿ ಹೆಚ್ಚಿನದರಿಂದ ಭಾಗಿಸಬೇಕು. 1.0ರಿಂದ 1.4ರವರೆಗಿನ ಅನುಪಾತ ಸಹಜ, 0.9ಕ್ಕಿಂತ ಕಡಿಮೆಯಾದರೆ ರಕ್ತನಾಳ ಕಿರಿದಾಗಿದೆ ಎಂದೂ 0.4ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ ಎಂದೂ ತಿಳಿಯಲಾಗುತ್ತದೆ. ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ವೈಫಲ್ಯ ಉಳ್ಳವರಲ್ಲಿ ಅಪಧಮನಿಯ ಗೋಡೆಗೆ ಸುಣ್ಣದಂಶ ಸೇರಿ ಗಡುಸಾಗುವುದರಿಂದ ಪಟ್ಟಿಗೆ ನಾಳ ಜಗ್ಗುವುದಿಲ್ಲ, ಅನುಪಾತ 1.4ನ್ನೂ ಮೀರಿ, ಒಣಗುತ್ತಿರುವ ಕಾಲು ಕಾಗದದ ಮೇಲೆ ಆರೋಗ್ಯವಾಗಿ ಕಾಣುತ್ತದೆ. ಇಂಥವರಲ್ಲಿ ಹೆಬ್ಬೆರಳಿನ ಒತ್ತಡವನ್ನು ಅಳೆಯುವುದು ಮೇಲು, ಏಕೆಂದರೆ ಬೆರಳಿನ ಸಣ್ಣ ನಾಳಗಳು ಹೀಗೆ ಗಡುಸಾಗುವುದು ಕಡಿಮೆ. ಹೆಬ್ಬೆರಳಿನ ಒತ್ತಡ ಪಾದರಸದ 30 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಪಾದದ ಮಟ್ಟದ ಗಾಯ ಮಾಯುವುದು ಕಷ್ಟ, 60 ದಾಟಿದರೆ ಕೊರತೆ ಗಣನೀಯವಲ್ಲ. ಗಿಣ್ಣು ಮತ್ತು ಬೆರಳಿನ ಒತ್ತಡಗಳು ಪಾದದ ಛೇದನಕ್ಕೆ ಹೆಚ್ಚು ಉಪಯುಕ್ತವಾಗಿದ್ದು, ಮಂಡಿಯ ಕೆಳಗಿನ ಮೋಟಿನ ಬಗ್ಗೆ ಅವು ಪರೋಕ್ಷವಾಗಿ ಮಾತ್ರ ಸೂಚನೆ ಕೊಡುತ್ತವೆ.

ಕತ್ತರಿಸಬೇಕೆಂದಿರುವ ಜಾಗದಲ್ಲಿಯೇ ಅಳೆಯಬಲ್ಲ ಪರೀಕ್ಷೆಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಚರ್ಮದ ಮೂಲಕ ಆಮ್ಲಜನಕದ ಒತ್ತಡ ಅಳೆಯುವ ಕ್ರಮ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1956ರಲ್ಲಿ ರೂಪಿಸಿದ ಆಮ್ಲಜನಕದ ವಿದ್ಯುದಗ್ರದ ತತ್ತ್ವವನ್ನು ಆಧರಿಸಿದ ಚಿಕ್ಕ ಬಿಲ್ಲೆಯನ್ನು ಚರ್ಮಕ್ಕೆ ಅಂಟಿಸಿ, ಅದನ್ನು 42ರಿಂದ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದಾಗ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ, ಆಮ್ಲಜನಕ ಚರ್ಮವನ್ನು ದಾಟಿ ಬಿಲ್ಲೆಗೆ ಬರುತ್ತದೆ. ಓದು ಸ್ಥಿರವಾಗಲು ಹದಿನೈದು–ಇಪ್ಪತ್ತು ನಿಮಿಷ ಹಿಡಿಯುತ್ತದೆ. ಪಾದರಸದ 40 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಗಾಯ ಮಾಯುವ ಸಂಭವ ಅಧಿಕ, 20ಕ್ಕಿಂತ ಕಡಿಮೆಯಿದ್ದರೆ ಅಲ್ಪ. ನಡುವಿನ ಓದುಗಳಲ್ಲಿ ರೋಗಿಗೆ ಆಮ್ಲಜನಕ ಉಸಿರಾಡಿಸಿ ಅಂಕಿ ಏರುತ್ತದೆಯೇ ಎಂದು ನೋಡುವುದುಂಟು, ಎದೆಯ ಮೇಲಿನ ಓದಿನೊಂದಿಗೆ ಹೋಲಿಸುವುದೂ ಉಂಟು. ಕಾಲು ಬಾತುಕೊಂಡಿದ್ದರೆ ಅಥವಾ ಚರ್ಮಕ್ಕೆ ಸೋಂಕು ಹರಡಿದ್ದರೆ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಲೇಸರ್ ಕಿರಣದಿಂದ ಚರ್ಮದ ರಕ್ತಪ್ರವಾಹದ ಒತ್ತಡ ಅಳೆಯುವುದು, ಬಣ್ಣದ ದ್ರವವನ್ನು ರಕ್ತಕ್ಕೆ ಸೇರಿಸಿ ಅದರ ಹರಡುವಿಕೆಯನ್ನು ಕ್ಯಾಮೆರಾದಲ್ಲಿ ನೋಡುವುದು, ಚರ್ಮದ ಉಷ್ಣತೆಯ ಚಿತ್ರ ತೆಗೆಯುವುದು ಮತ್ತು ವಿಕಿರಣಶೀಲ ಜೆನಾನ್ ಚರ್ಮದಿಂದ ಕರಗಿಹೋಗುವ ವೇಗವನ್ನು ಅಳೆಯುವುದು ಇತರ ವಿಧಾನಗಳು. ಕೊನೆಯದು ಈಗ ಬಳಕೆ ತಪ್ಪಿದೆ. ರಕ್ತನಾಳದ ಚಿತ್ರಣವಾದ ಆಂಜಿಯೋಗ್ರಾಮ್, ಎಲ್ಲಿ ತಡೆಯಿದೆ, ಅದನ್ನು ಬಲೂನಿನಿಂದ ಅಥವಾ ಬೈಪಾಸ್‌ನಿಂದ ತೆರೆಯಬಹುದೇ ಎಂದು ತಿಳಿಸುತ್ತದೆಯೇ ಹೊರತು ಚರ್ಮ ಮಾಯುತ್ತದೆಯೇ ಎಂಬುದನ್ನು ನೇರವಾಗಿ ತಿಳಿಸುವುದಿಲ್ಲ.

ರಕ್ತಸಂಚಾರದ ಹೊರಗಿನ ಅಂಶಗಳು

ರಕ್ತದ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂ ಮತ್ತು ಲಿಂಫೋಸೈಟ್ ಕಣಗಳು ಘನ ಮಿಲಿಮೀಟರಿಗೆ 1,500ಕ್ಕಿಂತ ಹೆಚ್ಚಿರಬೇಕು ಎಂಬುದು 1980ರ ದಶಕದಲ್ಲಿ ಸೈಮ್ ಛೇದನದ ಅಧ್ಯಯನಗಳಿಂದ ಬಂದ ಮಿತಿ. ಆಲ್ಬುಮಿನ್ ಮಿತಿಯನ್ನು ಮುಂದೆ ಕೆಲವರು 3.0ಕ್ಕೆ ಇಳಿಸಿದರು. ತೀವ್ರ ಸೋಂಕಿನಲ್ಲಿಯೂ ಆಲ್ಬುಮಿನ್ ಇಳಿಯುವುದರಿಂದ ಅದನ್ನು ಊಟದ ಕೊರತೆಯ ಅಳತೆ ಎಂದಷ್ಟೇ ಓದುವುದು ತಪ್ಪು. ಕಳೆದ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 8 ಪ್ರತಿಶತ ಮೀರಿದಂತೆ ಸೋಂಕಿನ ತೊಡಕುಗಳು ಹೆಚ್ಚುತ್ತವೆ. ಡಯಾಲಿಸಿಸ್ ಅವಲಂಬನೆ, ರಕ್ತಹೀನತೆ, ಹಿಂದೆ ವಿಫಲವಾದ ಬೈಪಾಸ್, ಕತ್ತರಿಸುವ ಗೆರೆಯ ಸಮೀಪದವರೆಗೆ ಹರಡಿದ ಮೂಳೆಯ ಸೋಂಕು, ಇವೆಲ್ಲವೂ ಪ್ರತಿಕೂಲ ಲಕ್ಷಣಗಳು.

ತಂಬಾಕು ಪ್ರತ್ಯೇಕ ಉಲ್ಲೇಖಕ್ಕೆ ಅರ್ಹವಾಗಿದೆ. ಧೂಮಪಾನ ಮುಂದುವರಿಸುವವರಲ್ಲಿ ಮೋಟಿನ ಸೋಂಕು ಮತ್ತು ಮರುಛೇದನ ಸ್ಪಷ್ಟವಾಗಿ ಹೆಚ್ಚು. 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ, ಭಾರತದಲ್ಲಿ ಬೀಡಿ ಸೇದುವ ನಡುವಯಸ್ಸಿನ ಹಾಗೂ ಎಳೆಯ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಬರ್ಗರ್ ಕಾಯಿಲೆಯಲ್ಲಿ, ಬೀಡಿ ಬಿಟ್ಟರೆ ಛೇದನವಿಲ್ಲದೆ ಉಳಿಯುವ ಕಾಲು, ಬಿಡದಿದ್ದರೆ ಬೆರಳಿನಿಂದ ಪಾದಕ್ಕೆ, ಪಾದದಿಂದ ಮಂಡಿಗೆ ಹಂತ ಹಂತವಾಗಿ ಹೋಗುತ್ತದೆ. ಇಲ್ಲಿ ಮುನ್ನಂದಾಜಿನ ಅತ್ಯಂತ ಬಲವಾದ ಆಧಾರ ರೋಗಿಯ ಬೀಡಿಯ ಕಟ್ಟು.

ಅಂಕಪದ್ಧತಿಗಳು

ಒಂದೇ ಪರೀಕ್ಷೆ ಸಾಲದೆಂಬ ಅರಿವಿನಿಂದ ಹಲವು ಅಂಶಗಳನ್ನು ಕೂಡಿಸುವ ಪದ್ಧತಿಗಳು ರೂಪುಗೊಂಡವು. ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘ 2014ರಲ್ಲಿ ಪ್ರಕಟಿಸಿದ ವೈಫೈ ಎಂಬ ವರ್ಗೀಕರಣವು ಗಾಯ, ರಕ್ತದ ಕೊರತೆ ಮತ್ತು ಪಾದದ ಸೋಂಕು ಈ ಮೂರಕ್ಕೂ 0ರಿಂದ 3ರವರೆಗೆ ಅಂಕ ಕೊಟ್ಟು, ಒಂದು ವರ್ಷದೊಳಗೆ ಕಾಲು ಕಳೆದುಕೊಳ್ಳುವ ಅಪಾಯವನ್ನು ಅಂದಾಜಿಸುತ್ತದೆ. ಇದು ಛೇದನಕ್ಕೆ ಮೊದಲಿನ ಹಂತಕ್ಕೆ ಹೊಂದುವಂಥದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆಗಳಿಂದ ಕಟ್ಟಿದ ಆಂಪ್ರೆಡಿಕ್ಟ್ ಮಾದರಿಗಳು ಛೇದನದ ನಂತರದ ಸಾವು, ನಡೆದಾಟ ಮತ್ತು ಮರುಛೇದನದ ಸಂಭವವನ್ನು ಮಟ್ಟವಾರು ಲೆಕ್ಕಹಾಕುತ್ತವೆ. ಬಹುಪಾಲು ವಯಸ್ಸಾದ ಅಮೆರಿಕನ್ ಗಂಡಸರ ದಾಖಲೆಯಿಂದ ಬಂದ ಲೆಕ್ಕವನ್ನು ಕಾವೇರಿ ಬಯಲಿನ ರೈತ ಹೆಂಗಸಿಗೆ ಹಾಗೆಯೇ ಹಚ್ಚುವಂತಿಲ್ಲ.

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು

ಈ ಲೆಕ್ಕಗಳು ಹಳ್ಳಿಗಾಡಿನಲ್ಲಿ ಹೇಗೆ ಅನ್ವಯಿಸುತ್ತವೆ ಎಂಬುದಕ್ಕೆ ಮೈಸೂರು ಜಿಲ್ಲೆಯ ಈ ಎರಡು ನೆರೆ ತಾಲ್ಲೂಕುಗಳು ಉದಾಹರಣೆ. ಇವು ಕಪಿಲಾ ನದಿಯ ದಡದಲ್ಲೂ, ಕಾವೇರಿ–ಕಪಿಲೆಗಳು ಕೂಡುವ ತಿರುಮಕೂಡಲಿನ ಸುತ್ತಲೂ ಹಬ್ಬಿಕೊಂಡಿದ್ದು, ಭತ್ತ ಮತ್ತು ಕಬ್ಬು ಮುಖ್ಯ ಬೆಳೆಗಳು. ಕೆಸರುಗದ್ದೆಯಲ್ಲಿ ಬರಿಗಾಲಿನ ಕೆಲಸ, ಕಬ್ಬಿನ ಕೂಳೆ ಚುಚ್ಚುವುದು, ಗದ್ದೆಯ ಬದುವಿನಲ್ಲಿ ಹಾವು ಕಡಿಯುವುದು, ಟ್ರ್ಯಾಕ್ಟರ್ ಮತ್ತು ರಸ್ತೆಯ ಅಪಘಾತಗಳು ಇಲ್ಲಿ ಕಾಲಿನ ಗಾಯಕ್ಕೆ ಕಾರಣಗಳಾಗಿದ್ದು, ಇವುಗಳ ಜೊತೆಗೆ ಸಕ್ಕರೆ ಕಾಯಿಲೆ ಸೇರಿಕೊಂಡಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದ ವಯಸ್ಕರಲ್ಲಿ 11.4 ಪ್ರತಿಶತ, ಅಂದರೆ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿದ್ದು, ಅದು ಪಟ್ಟಣಕ್ಕೆ ಮೀಸಲಾದ ಕಾಯಿಲೆಯಾಗಿ ಉಳಿದಿಲ್ಲ.

ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದ ಇಲ್ಲಿ ಹಲವು ಬಗೆಯಲ್ಲಿ ಅಪಾಯಕ್ಕೆ ಸಿಕ್ಕುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರನನ್ನು ರೋಗಹರನೆಂದು ನಂಬಿ ಕಾಯಿಲೆಯ ಹರಕೆ ಹೊತ್ತು ಬರುವ ಭಕ್ತರು ಬಹಳ. ಅವರಲ್ಲಿ ಪಾದದ ನರಗಳು ಮಂದವಾದ ಮಧುಮೇಹಿಗಳಿಗೆ ಬೇಸಿಗೆಯ ಮಧ್ಯಾಹ್ನ ಕಾದ ಕಲ್ಲುಹಾಸಿನ ಬಿಸಿ ತಿಳಿಯದೆ, ಅಂಗಾಲಿನಲ್ಲಿ ಬೊಬ್ಬೆ ಎದ್ದಿರುವುದು ಮನೆಗೆ ಹೋದ ಮೇಲೆ ಗೊತ್ತಾಗಬಹುದು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ತಿರುಮಕೂಡಲಿನ ಸಂಗಮದ ಮರಳು, ಮೆಟ್ಟಿಲುಗಳ ಮೇಲೂ ನಡಿಗೆ ಬರಿಗಾಲಿನದೇ. ನೋವಿಲ್ಲದ ಗಾಯಕ್ಕೆ ಅರಿಶಿನ ಅಥವಾ ಸೊಪ್ಪಿನ ರಸ ಹಚ್ಚಿ ಕಾಯುವ ವಾರಗಳು ಮುನ್ನಂದಾಜಿನ ಮೇಲೆ ನೇರ ಪರಿಣಾಮ ಬೀರುತ್ತವೆ: ಬೆರಳಿನಲ್ಲಿ ಮುಗಿಯಬಹುದಾಗಿದ್ದ ಛೇದನ ಸೋಂಕು ಪಾದಕ್ಕೇರಿದ ಮೇಲೆ ಮಂಡಿಯ ಕೆಳಗಿನದಾಗುತ್ತದೆ.

ಹಾವು ಕಡಿತದ ಪ್ರಕರಣಗಳು ಬೇರೆ ಲೆಕ್ಕಕ್ಕೆ ಸೇರುತ್ತವೆ. ಕೊಳಕುಮಂಡಲ ಮತ್ತು ನಾಗರಹಾವಿನ ವಿಷದಿಂದ ಚರ್ಮ, ಸ್ನಾಯು ಸತ್ತು ಛೇದನದ ಹಂತಕ್ಕೆ ಬರುವ ರೋಗಿಗಳು ಬಹುತೇಕ ದುಡಿಯುವ ವಯಸ್ಸಿನವರು, ಅವರ ದೊಡ್ಡ ರಕ್ತನಾಳಗಳು ಚೆನ್ನಾಗಿಯೇ ಇರುತ್ತವೆ. ಆದುದರಿಂದ ಒತ್ತಡದ ಅನುಪಾತಕ್ಕಿಂತ ಸತ್ತ ಮಾಂಸದ ಗಡಿ ಸ್ಪಷ್ಟವಾಗಿದೆಯೇ, ಸೋಂಕು ಇಳಿದಿದೆಯೇ ಎಂಬುದು ಮುಖ್ಯವಾಗುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಎರಡೂ ಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿದ್ದು, ರಕ್ತನಾಳದ ವಿವರವಾದ ಪರೀಕ್ಷೆಗೂ ಹಿರಿ ಛೇದನಕ್ಕೂ ರೋಗಿಗಳನ್ನು ಮೈಸೂರಿಗೆ ಕಳುಹಿಸುವುದು ವಾಡಿಕೆ. ನಂಜನಗೂಡು ಮೈಸೂರಿನಿಂದ ಸುಮಾರು 23 ಕಿಲೋಮೀಟರ್, ತಿ. ನರಸೀಪುರ ಸುಮಾರು 30 ಕಿಲೋಮೀಟರ್ ದೂರದಲ್ಲಿವೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ, ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1984ರಲ್ಲಿ ಸ್ಥಾಪಿಸಿದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆ ಈ ಭಾಗದ ದೊಡ್ಡ ಚಿಕಿತ್ಸಾಕೇಂದ್ರಗಳಲ್ಲಿ ಸೇರಿವೆ. ಮಿಷನ್ ಆಸ್ಪತ್ರೆಯು 1934ರಿಂದ ಕಾಪಾಡಿಕೊಂಡು ಬಂದ ಹೆರಿಗೆಯ ದಾಖಲೆಗಳನ್ನು ಆಧರಿಸಿ, ಹುಟ್ಟಿದಾಗಿನ ಗಾತ್ರಕ್ಕೂ ದೊಡ್ಡವರಾದ ಮೇಲಿನ ಸಕ್ಕರೆ ಕಾಯಿಲೆಗೂ ಇರುವ ಸಂಬಂಧದ ಬಗ್ಗೆ ನಡೆದ ಸಂಶೋಧನೆ ಮೈಸೂರನ್ನು ಮಧುಮೇಹದ ಅಧ್ಯಯನದಲ್ಲಿ ಹೆಸರಾದ ಊರನ್ನಾಗಿ ಮಾಡಿದೆ.

ತಾಲ್ಲೂಕಿನ ಮಟ್ಟದಲ್ಲಿ ಮುನ್ನಂದಾಜು ಎಂದರೆ ದುಬಾರಿ ಯಂತ್ರ ಎಂದಾಗಬೇಕಿಲ್ಲ. ತೊಡೆಸಂದು, ಮಂಡಿಯ ಹಿಂಭಾಗ ಮತ್ತು ಪಾದದ ನಾಡಿ, ಕೈಯಲ್ಲಿ ಹಿಡಿಯುವ ಡಾಪ್ಲರ್, ಆಲ್ಬುಮಿನ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಮತ್ತು ಎಚ್‌ಬಿಎ1ಸಿ, ಇಷ್ಟರಿಂದಲೇ ನಿರ್ಧಾರಕ್ಕೆ ಬೇಕಾದ ಮಾಹಿತಿಯ ಬಹುಭಾಗ ದೊರೆಯುತ್ತದೆ. ಈ ಅಂಕಿಗಳನ್ನು ರೆಫರಲ್ ಚೀಟಿಯಲ್ಲಿ ಬರೆದು ಕಳುಹಿಸಿದರೆ ಮೈಸೂರಿನ ಶಸ್ತ್ರವೈದ್ಯರಿಗೆ ಒಂದು ದಿನ ಉಳಿಯುತ್ತದೆ. ಕೀವು ಏರುತ್ತಿರುವ ಪಾದದಲ್ಲಿ ಒಂದು ದಿನ ದೊಡ್ಡದು.

ಶಸ್ತ್ರಕ್ರಿಯೆಯ ವೇಳೆ ಮತ್ತು ಅನಂತರ

ಚರ್ಮದ ಅಂಚು ಕತ್ತರಿಸಿದಾಗ ರಕ್ತ ಜಿನುಗುತ್ತದೆಯೇ, ಸ್ನಾಯು ಕೆಂಪಾಗಿದ್ದು ಮುಟ್ಟಿದರೆ ಕುಗ್ಗುತ್ತದೆಯೇ ಎಂಬುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ ನಡೆಯುವ ಅಂತಿಮ ಪರೀಕ್ಷೆ. ಸ್ನಾಯು ಮಂಕಾಗಿ, ಅಂಚು ಒಣಗಿದ್ದರೆ ಮೇಲಿನ ಮಟ್ಟಕ್ಕೆ ಹೋಗಬೇಕಾಗಬಹುದಾದ್ದರಿಂದ, ರೋಗಿ ಮತ್ತು ಮನೆಯವರ ಒಪ್ಪಿಗೆಯನ್ನು ಎರಡೂ ಮಟ್ಟಗಳಿಗೆ ಮೊದಲೇ ಪಡೆಯಲಾಗುತ್ತದೆ.

ಒಳ್ಳೆಯ ಮುನ್ನಂದಾಜನ್ನೂ ನಂತರದ ಅಲಕ್ಷ್ಯ ಕೆಡಿಸಬಲ್ಲದು. ಮೋಟು ಬಾತುಕೊಂಡರೆ ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸಿದರೆ ಕೀಲು ಮಡಿಚಿಕೊಂಡೇ ಬಿಗಿಯಾಗಿ ಕೃತಕ ಕಾಲು ಹೊಂದದಂತಾಗುತ್ತದೆ. ಊರುಗೋಲಿನಲ್ಲಿ ಆಯತಪ್ಪಿ ಬಿದ್ದರೆ ಗಾಯ ಒಡೆಯುತ್ತದೆ. ಮೋಟನ್ನು ಪ್ಲಾಸ್ಟರ್ ಅಥವಾ ತೆಗೆದುಹಾಕಬಹುದಾದ ಗಟ್ಟಿ ಕವಚದಲ್ಲಿ ಇರಿಸುವುದು ಬಾವನ್ನೂ ಬೀಳುವಿಕೆಯ ಪೆಟ್ಟನ್ನೂ ತಡೆಯುತ್ತದೆ. ಹೊಲಿಗೆಯನ್ನು ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಮೂರು ವಾರದವರೆಗೆ ಬಿಡಲಾಗುತ್ತದೆ. ಅಂಚು ಕಪ್ಪಾಗುವುದು, ದುರ್ವಾಸನೆ, ಹೊಲಿಗೆಯ ನಡುವೆ ನೀರು ಸೋರುವುದು, ಕಾರಣವಿಲ್ಲದೆ ಸಕ್ಕರೆ ಏರುವುದು ಗಾಯ ಕೂಡುತ್ತಿಲ್ಲವೆಂಬುದರ ಮೊದಲ ಸೂಚನೆಗಳು.

ಇಂದಿನ ಸ್ಥಿತಿ

1968ರಲ್ಲಿ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರೂಪಿಸಿದ ಜೈಪುರ ಕಾಲು ಬರಿಗಾಲಿನ ನಡಿಗೆಗೂ ಕೆಸರಿಗೂ ಕುಕ್ಕರುಗಾಲಿಗೂ ಒಗ್ಗುವಂಥದ್ದಾಗಿದ್ದು, ಮಂಡಿ ಉಳಿದ ರೈತ ಗದ್ದೆಯ ಕೆಲಸಕ್ಕೆ ಮರಳುವ ಸಾಧ್ಯತೆಯನ್ನು ಅದು ಹೆಚ್ಚಿಸಿದೆ. ಮಂಡಿಯ ಕೆಳಗಿನ ಮಟ್ಟಕ್ಕೆ ಭಾರತದಲ್ಲಿ ವಿಶೇಷ ಬೆಲೆ ಬಂದಿರುವುದಕ್ಕೆ ಇದೂ ಕಾರಣ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಅರ್ಹ ಕುಟುಂಬಗಳ ಆಸ್ಪತ್ರೆಯ ವೆಚ್ಚಕ್ಕೆ ನೆರವಾಗುತ್ತದೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಅಡಿಯಲ್ಲಿ ಅಂಗಚ್ಛೇದನಕ್ಕೆ ಒಳಗಾದವರು ಗುರುತಿನ ಚೀಟಿ ಮತ್ತು ಸೌಲಭ್ಯಗಳಿಗೆ ಅರ್ಹರಾಗುತ್ತಾರೆ.

ಚರ್ಮದ ಆಮ್ಲಜನಕ ಅಳೆಯುವ ಸಾಧನವು ದೊಡ್ಡ ನಗರಗಳ ಆಸ್ಪತ್ರೆಗಳಲ್ಲೂ ಎಲ್ಲೆಡೆ ಇಲ್ಲ, ಇರುವಲ್ಲಿಯೂ ಅದರ ಅಂಕಿಯೊಂದನ್ನೇ ಅವಲಂಬಿಸಿ ಮಟ್ಟ ನಿರ್ಧರಿಸುವ ಕ್ರಮ ಒಪ್ಪಿತವಾಗಿಲ್ಲ. ಯಾವ ಪರೀಕ್ಷೆಯ ಮಿತಿಸಂಖ್ಯೆಯೂ ಎಲ್ಲ ರೋಗಿಗಳಿಗೆ ಸಮನಾಗಿ ಹೊಂದುವುದಿಲ್ಲವೆಂಬುದು ಈಗಿನ ಅಭಿಪ್ರಾಯವಾಗಿದ್ದು, ತಡೆಯನ್ನು ತೆರೆಯಬಹುದಾದಲ್ಲಿ ಮೊದಲು ರಕ್ತಸಂಚಾರವನ್ನು ಸರಿಪಡಿಸಿ, ಅನಂತರ ಮತ್ತೆ ಅಳೆದು, ಸಾಧ್ಯವಾದಷ್ಟು ಕೆಳಗಿನ ಮಟ್ಟವನ್ನು ಆಯುವ ಕ್ರಮ ನೆಲೆಗೊಂಡಿದೆ. ಒಂದು ಕಾಲು ಕಳೆದುಕೊಂಡ ಮಧುಮೇಹಿಯ ಇನ್ನೊಂದು ಕಾಲೂ ಮುಂದಿನ ವರ್ಷಗಳಲ್ಲಿ ಅಪಾಯದಲ್ಲಿರುವುದರಿಂದ, ಮೋಟಿನ ತಪಾಸಣೆಗೆ ಬಂದಾಗಲೆಲ್ಲ ಉಳಿದ ಪಾದದ ನಾಡಿ, ಸ್ಪರ್ಶ ಮತ್ತು ಬೆರಳಸಂದುಗಳನ್ನೂ ನೋಡುವುದು ಚಿಕಿತ್ಸಾಕ್ರಮದ ಭಾಗವಾಗಿದೆ.